ಗೋಕಾಕದಲ್ಲಿ ಕೂತು ತುಕ್ಕಾನಟ್ಟಿಗೆ ನೀರು ಬಿಟ್ಟದ್ದು

"ಇವತ್ತಿನಿಂದ ಈ ಮನ್ಯಾಗ ಮೊಬೈಲ್ ಆಟ ಬಂದ್!"

ಚಹಾದ ಕಪ್ಪನ್ನು ಟೇಬಲ್ಲಿಗೆ ಕುಟ್ಟಿ ನಾನು ಸಾರಿದೆ. ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಗಂಟಲು ನನ್ನದು. ಹೇಳಿದ್ದು ಓಣಿಗೆಲ್ಲ ಕೇಳಿಸಿತು. ಹಿಂದೆ ಕಟ್ಟೆಯ ಮೇಲೆ ಚೌಕಾಬಾರಾ ಆಡಿ ಸೋತವನು ಎದುರಿಗೇ ಜಗಳಾಡುತ್ತಿದ್ದ, ಈಗ ಸೋತವನು ಚಾರ್ಜರ್ ಹುಡುಕುತ್ತಾನೆ. ಹೀಗಾದರೆ ಸಂಸ್ಕೃತಿಯ ಗತಿಯೇನು ಎಂದು ಹತ್ತು ನಿಮಿಷ ಭಾಷಣವನ್ನೂ ಮಾಡಿದೆ.

ಎಂಟನೆಯ ತರಗತಿಯ ಮಗಳು ಶಿವಾನಿ ಕಣ್ಣಲ್ಲಿ ನೀರು ತಂದುಕೊಂಡು ಮೊಬೈಲನ್ನು ನನ್ನ ಕೈಗಿಟ್ಟಳು. ಮೊಬೈಲು ನನ್ನದೇ. ಸಂಜೆಯಾದ ಮೇಲೆ ಮಾತ್ರ ಅವಳದು.

"ಅಪ್ಪಾ, ಪರೀಕ್ಷಾ ಮುಗಿಯೋತನಾ ನನ್ನ ಟೊಮ್ಯಾಟೊಕ್ಕ ನೀರ ಯಾರ ಬಿಡ್ತಾರ?"

ಅದು ಬೇಸಾಯದ ಆಟ. ಪರದೆಯ ಮೇಲೊಂದು ಹೊಲ, ಹೊಲಕ್ಕೊಂದು ನಲ್ಲಿ. ಹೊತ್ತಿಗೆ ಸರಿಯಾಗಿ ಬಿಟ್ಟು, ಹೊತ್ತಿಗೆ ಸರಿಯಾಗಿ ಬಂದ್ ಮಾಡಬೇಕು.

"ನಾ ಬಿಡ್ತೇನಿ, ನೀ ಓದು," ಎಂದೆ. ರೈತನ ಮಗ ನಾನು, ಇಷ್ಟಕ್ಕೆ ಹೆದರುವೆನೇ!

ಅಡುಗೆಮನೆಯಿಂದ ಹೆಂಡತಿ ದಾಕ್ಷಾಯಿಣಿಯ ದನಿ ಬಂತು: "ಮೊದಲ ಖರೇ ಹೊಲದ್ದ ನೀರ ನೋಡ್ರಿ."

ಖರೇ ಹೊಲ ಎಂದರೆ ತುಕ್ಕಾನಟ್ಟಿಯಲ್ಲಿರುವ ನಮ್ಮ ಎರಡು ಎಕರೆ ಕಬ್ಬು. ಅದರ ಯಜಮಾನಿಕೆ ನನ್ನ ಅವ್ವ ಶಿವಗಂಗವ್ವನದು. ಮೋಟಾರು ಹಚ್ಚಲು ಅವಳು ಬಾವಿಯ ತನಕ ನಡೆಯಬಾರದೆಂದು ಆ ತಿಂಗಳಷ್ಟೇ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದೆ. ಅದರೊಳಗೊಂದು ಸಿಮ್ ಇರುತ್ತದೆ. ಗೋಕಾಕದಿಂದ ಅದಕ್ಕೆ ಫೋನು ಮಾಡಿ ಒಂದು ಒತ್ತಿದರೆ ಮೋಟಾರು ಸುರು, ಎರಡು ಒತ್ತಿದರೆ ಬಂದ್. ಯಾರೂ ಕೈಯಾಡಿಸಬಾರದೆಂದು ಸ್ಟಾರ್ಟರಿನ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಗೋಕಾಕಕ್ಕೇ ತಂದಿದ್ದೆ. ಬಾಜೂ ಹೊಲದ ಶೆಟ್ಟೆಪ್ಪ ಕಾಕಾ, "ಮಾಸ್ತರ, ಒಂದ ಕೀಲಿ ಇಲ್ಲಿರಲ್ರಿ," ಎಂದು ಕೇಳಿದಾಗ, "ನಾ ಇದ್ದೇನಲ್ರಿ ಕಾಕಾ!" ಎಂದು ಎದೆ ತಟ್ಟಿಕೊಂಡಿದ್ದೆ.

ಭಾನುವಾರ ಹತ್ತಕ್ಕೆ ಕರೆಂಟು ಬಂತು. ನಾನು ಒಂದು ಒತ್ತಿದೆ. ಹನ್ನೊಂದೂವರೆಗೆ ಅವ್ವನ ಫೋನು ಬಂತು.

"ಕಡೀ ಸಾಲಿಗಿ ನೀರ ತಿರುವಿ ಮನಿಗಿ ಹೊಂಟೇನಿ. ಹನ್ನೆರಡಕ್ಕ ಬಂದ್ ಮಾಡು, ಮರ್ತಗಿರ್ತೀ! ಬಾಜೂಕ ಶೆಟ್ಟೆಪ್ಪನ ಗೋವಿನಜ್ವಾಳದ ತೆನಿ ಒಟ್ಟಿದ್ದೈತಿ. ಮಧ್ಯಾಹ್ನ ರಾಶಿ ಮಾಡಾಕ ಮಷೀನ್ ಬರತೈತಿ."

"ಗಣಿತದ ಮಾಸ್ತರಗ ವ್ಯಾಳ್ಯಾ ಹೇಳಿಕೊಡ್ತೀಯೇನಬೇ?" ಎಂದು ನಕ್ಕು ಅಲಾರಂ ಇಟ್ಟೆ. ಅಲಾರಂ ಹೊಡೆಯುವ ತನಕ ಸುಮ್ಮನೆ ಕೂಡುವುದೇಕೆಂದು ಶಿವಾನಿಯ ಟೊಮ್ಯಾಟೊಕ್ಕೂ ನೀರು ಬಿಟ್ಟೆ.

ಇಲ್ಲೇ ನೋಡಿ ನಾನು ಕೆಟ್ಟದ್ದು. ಟೊಮ್ಯಾಟೊ ಕೆಂಪಾಗತೊಡಗಿತು. ಒಂದೊಂದು ಹಣ್ಣು ಕಿತ್ತಾಗಲೂ ಗಂಟೆ ಬಾರಿಸುತ್ತಿತ್ತು. ನಿಜವಾದ ಹೊಲದಲ್ಲಿ ಇಷ್ಟು ವರ್ಷ ಯಾವ ಬೆಳೆಯೂ ನನಗೆ ಹೀಗೆ ಮರ್ಯಾದೆ ಕೊಟ್ಟಿರಲಿಲ್ಲ! ಹನ್ನೆರಡಕ್ಕೆ ಅಲಾರಂ ಹೊಡೆಯಿತು. ತಡಮಾಡದೆ ಪರದೆಯ ಮೇಲಿನ ನಲ್ಲಿ ಬಂದ್ ಮಾಡಿದೆ. ಮೂರು ನಕ್ಷತ್ರ ಬಂದವು.

"ನೀರ ಬಂದ್ ಮಾಡಿದ್ರಿ?" ದಾಕ್ಷಾಯಿಣಿ ಕೇಳಿದಳು.

"ಅದ ಯಾವಾಗೋ ಆತು!"

ತುಸು ಹೊತ್ತಿಗೆ ಅವ್ವನ ಫೋನು ಬಂತು. ಊಟ ಆಯಿತೇ ಎಂದು ಕೇಳಲು ಮಾಡಿರುತ್ತಾಳೆಂದು ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಹೀಗೆ ನಾಲ್ಕು ಸಲ. ಐದನೆಯದು ದಾಕ್ಷಾಯಿಣಿಯ ಮೊಬೈಲಿಗೆ ಬಂತು. ಅವಳು ಸ್ಪೀಕರ್ ಹಾಕಿ ನನ್ನ ಮುಖದ ಮುಂದೆ ಹಿಡಿದಳು.

"ನಿನ್ನ ಗಂಡ ಸೋಮ್ಯಾ ಸತ್ತಾನೋ ಬದಿಕ್ಯಾನೋ? ಶೆಟ್ಟೆಪ್ಪನ ತೆನಿ ನೀರಾಗ ತೇಲಾಕತ್ತಾವ! ಪೆಟಗಿಗಿ ಬೀಗ ಐತಿ, ಏನ ಮಾಡಬೇಕ ನಾವು?"

ಗಡಿಬಿಡಿಯಲ್ಲಿ ನಾನು ಮತ್ತೆ ಆಟದ ನಲ್ಲಿಯನ್ನೇ ಒತ್ತಿದೆ. ದಾಕ್ಷಾಯಿಣಿ ಮೊಬೈಲು ಕಸಿದುಕೊಂಡು ಸ್ಟಾರ್ಟರಿಗೆ ಫೋನು ಮಾಡಿ ಎರಡು ಒತ್ತಿದಳು. ನಾನು ಬೀಗದ ಕೀಲಿ ಕಿಸೆಗೆ ಹಾಕಿಕೊಂಡು, ಚಪ್ಪಲಿ ಹುಡುಕದೆ ಗಾಡಿ ಹತ್ತಿದೆ.

ಹೊಲ ಮುಟ್ಟಿದಾಗ ಏಳೆಂಟು ಮಂದಿ ಪಾದ ಮುಳುಗುವ ನೀರಿನಲ್ಲಿ ನಿಂತು ಬುಟ್ಟಿಗಳಲ್ಲಿ ತೆನೆ ಹೊತ್ತು ಹಾಕುತ್ತಿದ್ದರು. ಮಷೀನು ಬಂದ ದಾರಿಗೆ ಹೊರಳಿ ಹೋಗಿತ್ತು. ಅವ್ವ ನನ್ನ ಕಡೆ ನೋಡಲೇ ಇಲ್ಲ. ಶೆಟ್ಟೆಪ್ಪ ಕಾಕಾ ಟವೆಲ್ಲು ಹಿಂಡುತ್ತ ಬಂದ.

"ಎಲ್ಲಿದ್ರಿ ಮಾಸ್ತರ? ಅವ್ವ ನಾಕ ಸಲ ಫೋನ್ ಹಚ್ಚಿದ್ಳು."

ಸುಳ್ಳು ಹೇಳಬಹುದಿತ್ತು. ನಾಲಗೆ ತಿರುಗಲಿಲ್ಲ. "ಟೊಮ್ಯಾಟೊಕ್ಕ ನೀರ ಬಿಡಾಕತ್ತಿದ್ನಿರಿ ಕಾಕಾ."

"ಗೋಕಾಕದಾಗ ಟೊಮ್ಯಾಟೊ ಎಲ್ಲಿ ಹಚ್ಚೀರಿ?"

"ಮೊಬೈಲ್‌ನ್ಯಾಗ್ರಿ."

ಬುಟ್ಟಿ ಹೊತ್ತ ಹೆಂಗಸೊಬ್ಬಳು ನಕ್ಕಳು. ಶೆಟ್ಟೆಪ್ಪ ನಗಲಿಲ್ಲ. "ನಾಕ ತಿಂಗಳ ಕಾಯ್ದ ಪೀಕ್ರಿ ಇದು," ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ನೆಲ ಬಿಟ್ಟು ಬೇರೇನೂ ನೋಡಲಾಗಲಿಲ್ಲ.

"ಒಣಗೋತನಾ ತೆನಿ ಹೊಳ್ಳಿಸೋ ಕೆಲಸ ನಂದ್ರಿ," ಎಂದೆ. ಬೀಗ ತೆಗೆದು ಕೀಲಿಯನ್ನು ಅವ್ವನ ಕೈಗಿಟ್ಟೆ.

ಸೋಮವಾರ ಪರೀಕ್ಷೆ ಮುಗಿದು ದಸರಾ ರಜೆ ಸುರುವಾಯಿತು. ಜೊತೆಯ ಮಾಸ್ತರರು ಪ್ರವಾಸ ಹೊರಟರು. ನಾನು ದಿನಾ ತುಕ್ಕಾನಟ್ಟಿಗೆ ಹೋಗಿ ಬಿಸಿಲಲ್ಲಿ ಬರಿಗಾಲಿನಿಂದ ತೆನೆ ತಿರುವುತ್ತಿದ್ದೆ. ಮೂರನೆಯ ದಿನ ಶಿವಾನಿಯೂ ನನ್ನೊಡನೆ ಬಂದಳು. ಪರೀಕ್ಷೆ ಮುಗಿದಿದ್ದರಿಂದ ಮೊಬೈಲು ಅವಳ ಕೈಯಲ್ಲಿತ್ತು. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಬೇವಿನ ನೆರಳಲ್ಲಿ ಕೂತು ಅವಳು ಶೆಟ್ಟೆಪ್ಪ ಕಾಕಾನಿಗೆ ಏನನ್ನೋ ತೋರಿಸುತ್ತಿದ್ದಳು. ಪಾಪ, ಮುದುಕನಿಗೆ ಬೇಸರ ಕಳೆಯಲಿ ಎಂದುಕೊಂಡೆ.

ಐದನೆಯ ದಿನ ಕಾಕಾ ಒಂದು ಕಾಳು ಕಡಿದು, "ಕಟ್ ಅಂತೈತಿ. ನಾಳೆ ಮಷೀನ್ ಕರಸೂಣು," ಎಂದ. ನನ್ನ ಎದೆಯ ಭಾರ ಇಳಿಯಿತು. ಕಣ್ಣೂ ತುಂಬಿ ಬಂತು.

ಸಂಜೆಯ ಹೊತ್ತಿಗೆ ಮುಗಿಲು ಕಪ್ಪಾಯಿತು. ಗಾಳಿ ಬೀಸಿತು. ಹೊದಿಸುವ ತಾಡಪತ್ರಿಯ ಒಂದು ತುದಿಯನ್ನು ನಾನು ಹಿಡಿದರೆ ಇನ್ನೊಂದು ತುದಿ ಹಾರುತ್ತಿತ್ತು. ಮೊದಲ ಹನಿಗಳು ತೆನೆಯ ಮೇಲೆ ಬಿದ್ದೇಬಿಟ್ಟವು.

"ಕಾಕಾ, ಲಗೂನ ಬರ್ರಿ! ಮಳಿ ಬಂತು! ನಿಮ್ಮ ಜ್ವಾಳ ತೋಯ್ತೈತಿ!"

ಬೇವಿನ ಕೆಳಗೆ ಮೊಬೈಲಿನಿಂದ ತಲೆ ಎತ್ತದೆ ಶೆಟ್ಟೆಪ್ಪ ಕಾಕಾ ಕೂಗಿದ:

"ಅಷ್ಟ ನೀವ ಹೊಚ್ಚಿಬಿಡ್ರಿ ಮಾಸ್ತರ! ನಾ ಈಗ ಏಳಾಕ ಬರೂದಿಲ್ಲ, ನನ್ನ ಬದನಿಕಾಯಿಗಿ ನೀರ ಬಿಟ್ಟೇನಿ!"