ಲೋಹಿತ್ ತೆಗೆದುಹಾಕಿದ ಪ್ರಶ್ನೆ

ಲೋಹಿತ್: ಒಂದೇ ಒಂದು ಪ್ರಶ್ನೆ ಕಣೇ ನಾನು ತೆಗೆದಿರೋದು. ಅದಕ್ಕೆ ಬೆಳಗ್ಗೆಯಿಂದ ಪ್ರಾಣ ತಿಂತಾ ಇದ್ದೀಯ.

ನವ್ಯಶ್ರೀ: ಯಾವ ಪ್ರಶ್ನೆ ಅಂತಾನೂ ಹೇಳ್ರಿ. 'ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬಹುದೇ?' ಅನ್ನೋದನ್ನ. ಈಗ ನಿಮ್ಮ ಸ್ಕ್ರಿಪ್ಟು ಹೇಳೋದೂ ಇಲ್ಲ, ಕೇಳೋದೂ ಇಲ್ಲ. ಸೀದಾ ಒಳಗೆ ನುಗ್ಗಿ ಗುಡಿಸಿ ಹಾಕುತ್ತೆ.

ಕೆ. ಹೊಸಕೋಟೆ ಹತ್ತಿರದ ತಮ್ಮ ಮನೆಯಲ್ಲಿ, ಊಟದ ಮೇಜಿನ ಆಚೆಗೊಂದು ಈಚೆಗೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಡ ಹೆಂಡತಿ ಕೂತಿದ್ದರು. ಶಾಲೆಗಳ ಹಳೇ ಕಂಪ್ಯೂಟರುಗಳಿಗೆ ಕನ್ನಡದ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವ ಬಳಗವೊಂದರಲ್ಲಿ ಇಬ್ಬರೂ ಬಿಟ್ಟಿ ದುಡಿಯುವವರು. ಅದನ್ನು ತಂತಾನೇ ಹಾಕುವ ಆಜ್ಞೆಗಳ ಪಟ್ಟಿಯನ್ನು, ಅಂದರೆ ಶೆಲ್ ಸ್ಕ್ರಿಪ್ಟನ್ನು, ಯಾರೇ ತಿದ್ದಲಿ, ಇನ್ನೊಬ್ಬರು ಓದಿ ಒಪ್ಪಬೇಕು ಎಂಬುದು ಬಳಗದ ಕಟ್ಟಳೆ. ಈ ಸಲ ಓದುವ ಸರದಿ ಹೆಂಡತಿಗೆ ಬಂದದ್ದು ಲೋಹಿತನ ಗ್ರಹಚಾರ. ಸಂಜೆ ಐದಕ್ಕೆ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಅವಳು ಒಪ್ಪದಿದ್ದರೆ ಅವನ ತಿದ್ದುಪಡಿ ಬರುವ ವರ್ಷದವರೆಗೆ ಮೂಲೆ ಸೇರುತ್ತದೆ.

ಅವಳು ಬಾಯಲ್ಲಿ ಬೈದದ್ದು ಸಾಲದೆಂದು ಪರದೆಯ ಮೇಲೂ ಬರೆದಿದ್ದಳು: 'ಮಾನ್ಯ ಲೋಹಿತ್ ಅವರೇ, ದಯವಿಟ್ಟು ಮರುಪರಿಶೀಲಿಸಿ. ವಂದನೆಗಳು.' ಮದುವೆಯಾದಾಗಿನಿಂದ ಅವಳು ತನ್ನನ್ನು ಮಾನ್ಯ ಎಂದದ್ದು ಇಲ್ಲೊಂದೇ ಕಡೆ ಎಂದು ಅವನಿಗೆ ಹೊಟ್ಟೆ ಉರಿಯಿತು.

ಲೋಹಿತ್: ಬಿಸಿಲೆ ಶಾಲೆ ಬಸವರಾಜು ಮೇಷ್ಟ್ರು ಏನಂದ್ರು ಗೊತ್ತಾ? ಇನ್‌ಸ್ಟಾಲ್ ಆಗ್ಲಿ ಅಂತ ಬಿಟ್ಟು ಬಸ್ ಹತ್ತಿದ್ರಂತೆ. ಮಾರನೇ ದಿನ ಬಂದು ನೋಡಿದ್ರೆ ಕಂಪ್ಯೂಟರು 'ಮುಂದುವರಿಯಬಹುದೇ' ಅಂತ ಕೇಳ್ಕೊಂಡು ಅಲ್ಲೇ ಕೂತಿತ್ತಂತೆ.

ನವ್ಯಶ್ರೀ: ಕೂತಿರ್ಲಿ. ಒಳಗಿದ್ದ ಮಕ್ಕಳ ಫೋಟೋ ಉಳೀತಲ್ಲ.

ಲೋಹಿತ್: ಯಾರು ಓದ್ತಾರೆ ಮಾರಾಯ್ತಿ? ಕೇಳಿದ್ರೂ ಎಲ್ಲರೂ ಹೂಂ ಅಂತ್ಲೇ ಒತ್ತೋದು.

ನವ್ಯಶ್ರೀ: ಹಂಗಾದ್ರೆ ಪರೀಕ್ಷೆ ಮಾಡೇಬಿಡಣ.

ಪರೀಕ್ಷೆಗೆ ಸಿಕ್ಕಿದ್ದು ಲೋಹಿತನ ತಾಯಿ ಸರೋಜಮ್ಮ. ಹಿತ್ತಲಲ್ಲಿ ಒಣಗಿದ ಬಟ್ಟೆ ಎತ್ತುತ್ತಿದ್ದವರನ್ನು ಕರೆದು, ಪ್ರಶ್ನೆ ಇನ್ನೂ ಇದ್ದ ಹಳೇ ಸ್ಕ್ರಿಪ್ಟನ್ನು ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪಿನಲ್ಲಿ ಹಚ್ಚಿ, ಅವರ ಮುಂದಿಟ್ಟದ್ದಾಯಿತು. ಇದರೊಳಗೆ ನಮ್ಮ ಮದುವೆ ಫೋಟೋ ಇದೆ ಅಂದ್ಕೊಳ್ಳಿ ಅತ್ತೆ, ಅದು ಕೇಳೋದಕ್ಕೆ ಉತ್ತರ ಕೊಡಿ ಎಂದಳು ಸೊಸೆ. ಪ್ರಶ್ನೆ ಮೂಡಿತು. ಸರೋಜಮ್ಮ 'ಹೌದು' ಒತ್ತಿ ಮತ್ತೆ ಬಟ್ಟೆ ಮಡಚತೊಡಗಿದರು.

ನವ್ಯಶ್ರೀ: ಅತ್ತೆ, ಮದುವೆ ಫೋಟೋ ಎಲ್ಲಾ ಹೋಯ್ತು.

ಸರೋಜಮ್ಮ: ಹೋಗ್ಲಿ ಬಿಡು. ಅದ್ರಲ್ಲಿ ನಾನು ಚೆನ್ನಾಗಿ ಬಂದಿಲ್ಲ.

ಲೋಹಿತ್: ನೋಡಿದ್ಯಾ? ಓದ್ಲೇ ಇಲ್ಲ.

ಸರೋಜಮ್ಮ: ಓದೋದೇನು? ಮರ್ಯಾದೆ ಕೊಟ್ಟು ಕೇಳ್ತು, ಹೂಂ ಅಂದೆ. ಈ ಮನೇಲಿ ಹಂಗೆ ಯಾರು ಕೇಳ್ತಾರೆ? ನೀನು ನನ್ನ ಒಂದು ಮಾತು ಕೇಳ್ದೆ ಬಾಳ್ಳುಪೇಟೆ ವ್ಯಾಪಾರಿಗೆ ಬಳ್ಳಿ ಮೇಲಿನ ಮೆಣಸನ್ನೇ ಗುತ್ತಿಗೆಗೆ ಕೊಟ್ಬುಟ್ಟೆ. ಆ ಬಳ್ಳಿ ನೆಟ್ಟೋಳು ನಾನು. ಕುಯ್ಯೋ ಆಳುಗಳು ಬಂದು ಏಣಿ ಕೇಳ್ದಾಗ ನಂಗೆ ಗೊತ್ತಾಗಿದ್ದು.

ಲೋಹಿತ್: ಕೇಳಿದ್ರೆ ಬೇಡ ಅಂತಿದ್ಯೇನಮ್ಮಾ?

ಸರೋಜಮ್ಮ: ಯಾಕೆ ಬೇಡ ಅನ್ಲಿ? ಹೂಂ ಅಂತಿದ್ದೆ. ಆ ಹೂಂ ಅನ್ನೋಕೆ ನಂಗೂ ಒಂದು ಬಾಯಿ ಐತೆ ಕಣೋ.

ಬಟ್ಟೆಯ ಗಂಟು ಹೊತ್ತು ಅವರು ಒಳಗೆ ಹೋದರು. ಗೆದ್ದವನು ತಾನೇ ಆದರೂ ಲೋಹಿತನ ಮುಖ ಸಣ್ಣಗಾಯಿತು. ಬರೀ ಹೂಂ ಎನ್ನಿಸಿಕೊಳ್ಳುವುದಕ್ಕಾದರೂ ಅಮ್ಮನನ್ನು ಕೇಳಬೇಕಿತ್ತು ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಯಾರೋ ಮೇಷ್ಟರು, ಇನ್ಯಾರೋ ಟೀಚರು, ಅವರಿಗೂ ಒಂದು ಬಾಯಿ ಇದ್ದೇ ಇರುತ್ತದಲ್ಲ. ಹೆಂಡತಿಗೆ ಏನೂ ಹೇಳದೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋದ. ತೆಗೆದ ಸಾಲನ್ನು ಇದ್ದಲ್ಲೇ ಕೂರಿಸಿ, ಹಿಂದೆ ಇಲ್ಲದ 'ದಯವಿಟ್ಟು' ಒಂದನ್ನು ಸೇರಿಸಿ, ಎರಡು ಸಲ ಓಡಿಸಿ ನೋಡಿ, ಗೋಡೆ ಗಡಿಯಾರ ಐದು ಹೊಡೆಯುತ್ತಿದ್ದಂತೆ ಬೀಗುತ್ತಾ ಹೊರಗೆ ಬಂದ.

ಲೋಹಿತ್: ತಗೋ, ನೀನೇ ಗೆದ್ದೆ. ಪ್ರಶ್ನೆ ವಾಪಸ್ ಹಾಕಿದ್ದೀನಿ. ಈಗ್ಲಾದ್ರೂ ಒಪ್ಪಿಗೆ ಒತ್ತು.

ನವ್ಯಶ್ರೀ: ಆಗ್ಲೇ ಒತ್ತಿದ್ನಲ್ಲ.

ಲೋಹಿತ್: ಯಾವುದಕ್ಕೆ?

ನವ್ಯಶ್ರೀ: ನಿಮ್ಮ ಬೆಳಗ್ಗಿನದಕ್ಕೆ. ಅತ್ತೆ ಓದ್ದೆ ಒತ್ತಿದ್ದನ್ನ ಕಣ್ಣಾರೆ ಕಂಡ ಮೇಲೆ ನಾನು ಹಟ ಮಾಡೋದು ತಪ್ಪಲ್ವಾ? ನಿಮ್ಮ ವಾದಾನೇ ಸರಿ ಅನ್ನಿಸ್ತು. ಪ್ರಶ್ನೆ ಇಲ್ದೇ ಇರೋದೇ ಈ ವರ್ಷದ ಆವೃತ್ತಿಗೆ ಸೇರಿಬಿಡ್ತು. ಬಾಗಿಲೂ ಮುಚ್ಚಾಯ್ತು.

ಲೋಹಿತ್ ಕುರ್ಚಿ ಎಳೆದುಕೊಂಡು ಕೂತ. ಊರೂರಿನ ಶಾಲೆಗಳಲ್ಲಿ ಮಕ್ಕಳ ಫೋಟೋಗಳು ಮೇಷ್ಟರುಗಳ ಗಮನಕ್ಕೇ ಬಾರದೆ ಅಳಿಸಿಹೋಗುವುದು ಅವನಿಗೆ ಕಾಣುತ್ತಿತ್ತು.

ಲೋಹಿತ್: ಅಲ್ವೇ, ಪಕ್ಕದ ಕೋಣೇಲೇ ಇದ್ದೆ. ಒತ್ತೋ ಮುಂಚೆ ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?

ನವ್ಯಶ್ರೀ: ಕೇಳೋದೇನ್ರೀ ಅದ್ರಲ್ಲಿ? ಬೆಳಗ್ಗೆ ಇದ್ದ ಲೋಹಿತ್ ಆಗಿದ್ರೆ ಹೂಂ ಅಂತಿದ್ರು.