ಹೀರೋ ಸತ್ತಾನೋ, ಬದುಕ್ಯಾನೋ?

ನಾನು ಸುಮ್ಮನೆ ಕೂತಲ್ಲಿಗೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಸುಮ್ಮನೆ ಕೂಡುವುದು ನನ್ನ ಜಾತಕದಲ್ಲೇ ಇಲ್ಲ ಅನ್ನುವುದು ಬೇರೆ ಮಾತು.

ದನದ ದವಾಖಾನೆಯ ಇನ್ಸ್‌ಪೆಕ್ಟರ್ ಆಗಿ ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಮೋಟಾರ್‌ಸೈಕಲ್ ಮೇಲೆ ತಿರುಗಿದ ಮೈ ಇದು. ನಿವೃತ್ತನಾಗಿ ಬೈಲಹೊಂಗಲದ ಮನೆಯಲ್ಲಿ ಹತ್ತು ನಿಮಿಷ ಕೂತರೆ ಹನ್ನೊಂದನೆಯದಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಹೆಂಡತಿ ರೋಸಿಹೋಗಿ, "ಒಂದ ಕಡೆ ಕುಂಡ್ರಾಕ ಏನರ ಒಂದ ಚಟಾ ಹಚ್ಚಿಕೋರಿ" ಅಂದಳು.

ಹಚ್ಚಿಕೊಂಡೆ. ಕಾಲೇಜಿನಲ್ಲಿದ್ದಾಗ ಅಂಗಿ ಹರಕೊಂಡು ಟಿಕೀಟು ತೆಗೆಸುತ್ತಿದ್ದೆವಲ್ಲ, ಆ ದೊಡ್ಡ ನಟನ ಸಿನಿಮಾಗಳನ್ನು ಮೊದಲನೆಯದರಿಂದ ಹಿಡಿದು, ಒಂದೂ ಬಿಡದೆ, ಬಂದ ಕ್ರಮದಲ್ಲೇ ನೋಡುವುದು!

ಹಿಂದ ಬಂದಾನ!

ಒಂದು ಮಧ್ಯಾಹ್ನ ಹೀರೋ ನದಿ ದಂಡೆಯಲ್ಲಿ ನಿಂತಿದ್ದ. ಬೆನ್ನ ಹಿಂದೆ ವಿಲನ್ ಕೊಡ್ಲಿ ಹಿಡಿದು ಬರುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹಿಂದ ಬಂದಾನ ನೋಡಲೇ! ಕೈಯಾಗ ಕೊಡ್ಲಿ ಐತಿ!" ಎಂದು ಒದರಿದೆ.

ಪಕ್ಕದ ಮನೆಯ ಗಿರಣಿ ಮಾಲೀಕ ಒನಕೆ ಹಿಡಿದು ಗೋಡೆ ಹಾರಿ ನಮ್ಮ ಹಿತ್ತಲಿಗೆ ಇಳಿದ. ಅಲ್ಲಿ ಖರೇನೇ ಒಬ್ಬ ಕೊಡ್ಲಿ ಹಿಡಿದು ನಿಂತಿದ್ದ. ಗಿರಣಿಯವ ಅವನನ್ನು ಹಿಡಿದು ನೆಲಕ್ಕೆ ಕೆಡವಿಯೇಬಿಟ್ಟ.

"ಯಪ್ಪಾ, ಈ ಮನೀ ಬಾಯಾರ ಕರದಾರ್ರೀ! ತೆಂಗಿನ ಗಿಡಾ ಸ್ವಚ್ಛ ಮಾಡಾಕ ಬಂದೇನ್ರಿ!" ಅಂದ ಆತ, ಒನಕೆಯ ಕೆಳಗಿನಿಂದ.

ಗಿರಣಿಯವ, ಹಿತ್ತಲಿಗೆ ಓಡಿಬಂದ ನನ್ನತ್ತ ತಿರುಗಿ, "ಮತ್ತ ನೀವು ಒದರಿದ್ದ್ಯಾಕ?" ಎಂದು ಕೇಳಿದ. ಕಿಟಕಿಯೊಳಗಿನ ಟಿವಿ ತೋರಿಸಿದೆ. ಅಷ್ಟರಲ್ಲಿ ಹೀರೋ ವಿಲನ್‌ನನ್ನು ನೀರಿಗೆ ನೂಕಿ ಹಾಡು ಶುರು ಮಾಡಿದ್ದ.

ಈಗ ಆ ಗಿಡದವ ಬಂದರೆ ಮೊದಲು ಕಿಟಕಿಯಲ್ಲಿ ನಿಂತು ಕೇಳುತ್ತಾನೆ: "ಬಾಯಾರ, ಸಾಹೇಬ್ರದು ಹಾಡು ನಡದೈತೋ, ಫೈಟಿಂಗೋ? ಹಾಡಿದ್ರ ಒಳಗ ಬರತೇನಿ."

ಗುಬ್ಬಿ ಕೊಂದ ನಾಯಕ

ಕ್ರಮವಾಗಿ ನೋಡುತ್ತ ಬಂದು ಒಂದು ಸಿನಿಮಾದ ಹತ್ತಿರ ಗಾಡಿ ನಿಂತಿತು. ಟಿವಿಯಲ್ಲಿ, ಮೊಬೈಲಿನಲ್ಲಿ, ಎಲ್ಲಿ ಹುಡುಕಿದರೂ ಅದು ಸಿಗಲೊಲ್ಲದು. ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಅದಕ್ಕೆ ಕಾರಣವೂ ಇತ್ತು.

ಅದನ್ನು ನಾನು ಸವದತ್ತಿಯ ಟೆಂಟಿನಲ್ಲಿ ನೋಡಿದ್ದೆ. ಕೊನೆಗೆ ಹೀರೋಗೆ ಗುಂಡು ಬೀಳುತ್ತದೆ, ಆದರೆ ಬದುಕುತ್ತಾನೆ. ಮದುವೆ ಹಾಡು, ಶುಭಂ. ನನ್ನ ಹೆಂಡತಿ ರಾಮದುರ್ಗದ ಕಡೆಯ ಕಟಕೋಳದವಳು. ಲಗ್ನಕ್ಕೂ ಮೊದಲು ಅದೇ ಸಿನಿಮಾವನ್ನು ರಾಮದುರ್ಗದ ಟೆಂಟಿನಲ್ಲಿ ನೋಡಿ, ಹೀರೋ ಸತ್ತನೆಂದು ಅತ್ತು, ಎರಡು ಹೊತ್ತು ಊಟ ಬಿಟ್ಟಿದ್ದಳಂತೆ. ಲಗ್ನವಾದಂದಿನಿಂದ ನಮಗೆ ಇದೇ ಜಗಳ.

"ಗುಂಡು ಬಿದ್ದದ್ದು ಹೆಗಲಿಗೆ. ಹೆಗಲಿಗೆ ಬಿದ್ರ ಎತ್ತೂ ಸಾಯೂದಿಲ್ಲ" ಎಂದು ನಾನು.

"ಅಂವಾ ಎತ್ತಲ್ಲ, ಮನಶ್ಯಾ. ನೀವು ಮನಶ್ಯಾರ್ನ ಯಾವಾಗ ನೋಡೀರಿ?" ಎಂದು ಅವಳು.

ಕೊನೆಗೆ ಪಂದ್ಯ ಕಟ್ಟಿದೆವು: ಸೋತವರು ನಾಲ್ಕು ಮಂದಿಯ ಎದುರು "ನಂದು ತಪ್ಪಾತು" ಅನ್ನಬೇಕು. ನಿಮಗೆ ಇದು ಸಣ್ಣದೆನಿಸಬಹುದು. ಲಗ್ನವಾದಾಗಿನಿಂದ ಆ ಎರಡು ಶಬ್ದ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ತಪ್ಪು ಮಾಡಿಲ್ಲವೆಂದಲ್ಲ, ಅಂದಿರಲಿಲ್ಲ ಅಷ್ಟೇ.

ಕಿತ್ತೂರಿನಲ್ಲಿರುವ ನನ್ನ ಹಳೆಯ ಕಂಪೌಂಡರ್ ಹತ್ತಿರ ಅದರ ಸಿಡಿ ಇದೆ ಎಂದು ತಿಳಿಯಿತು. ಅವತ್ತೇ ಬಸ್ ಹತ್ತಿದೆ.

"ಐತ್ರಿ. ಹೊಲದಾಗ ಐತಿ" ಅಂದ ಆತ.

"ಸಿಡಿ ಹೊಲದಾಗ ಯಾಕೋ?"

"ಜ್ವಾಳಕ್ಕ ಗುಬ್ಬಿ ಬರತಾವ್ರಿ. ಬಿಸಲಿಗಿ ಫಳಫಳ ಅಂದ್ರ ಹೆದರತಾವು."

ಹೊಲಕ್ಕೆ ಹೋಗಿ, ತೆನೆಗಳ ನಡುವೆ ದಾರದಲ್ಲಿ ತಿರುಗುತ್ತಿದ್ದ ಸಿಡಿ ಬಿಚ್ಚಿ, ಧೋತರದ ಚುಂಗಿನಿಂದ ಒರೆಸಿ, ಅವನ ಮನೆಯಲ್ಲೇ ಹಚ್ಚಿದೆವು. ಪುಣ್ಯಕ್ಕೆ ಓಡಿತು. ಗುಂಡು ಹಾರಿತು. ಹೀರೋ ಅರ್ಧ ಬಗ್ಗಿದ. ಬಗ್ಗಿದವ ಹಾಗೇ ನಿಂತ. ಅತ್ತ ಬೀಳಲಿಲ್ಲ, ಇತ್ತ ಏಳಲಿಲ್ಲ. ಸಿಡಿ ಅಲ್ಲಿಗೆ ಖಲಾಸ್.

ಕಂಪೌಂಡರ್ ಸಿಡಿ ತೆಗೆದು, ಕನ್ನಡಕ ಏರಿಸಿ, ದನದ ಗಾಯ ನೋಡುವಂತೆ ನೋಡಿ ಹೇಳಿದ: "ವಿಲನ್ನಂದು ತಪ್ಪಿಲ್ರಿ ಸಾಹೇಬ್ರ. ಇಲ್ಲಿ ಗುಬ್ಬಿ ಕುಟಕ್ಯಾವು."

ಕೊನೆಯ ರೀಲು

ಕಂಪೌಂಡರನೇ ಮತ್ತೊಂದು ದಾರಿ ಹೇಳಿದ. ಆಗ ಸವದತ್ತಿ, ರಾಮದುರ್ಗ ಎರಡೂ ಕಡೆ ಟೆಂಟಿನಲ್ಲಿ ಮಷೀನು ನಡೆಸಿದ ಆಪರೇಟರ್ ಒಬ್ಬನೇ. ಈಗ ಯಲ್ಲಮ್ಮನ ಗುಡ್ಡದ ಹತ್ತಿರ ಉಗರಗೋಳದಲ್ಲಿ ಕಾಯಿ, ಭಂಡಾರದ ಅರಿಶಿನ ಮಾರುವ ಅಂಗಡಿ ಇಟ್ಟಿದ್ದಾನೆ.

ಶುಕ್ರವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅಂಗಡಿ ಮುಂದೆ ಗುಡ್ಡಕ್ಕೆ ಹೋಗುವ ಭಕ್ತರ ಹಿಂಡು. ಅವರನ್ನು ಸರಿಸಿಕೊಂಡು ಹೋಗಿ, ನಮಸ್ಕಾರವನ್ನೂ ಹೇಳದೆ, ಸಿನಿಮಾದ ಹೆಸರು ಹೇಳಿ ಕೇಳಿಬಿಟ್ಟೆ: "ಹೀರೋ ಸತ್ತನೋ, ಬದುಕಿದನೋ?"

ಮುದುಕ ಕಾಯಿ ಕೆಳಗಿಟ್ಟು, "ಎಲ್ಲಿ?" ಅಂದ.

"ಎಲ್ಲಿ ಅಂದ್ರ? ಸಿನಿಮಾದಾಗ!"

"ಅದಲ್ರಿ, ಯಾವ ಊರಾಗ? ಸವದತ್ತ್ಯಾಗ ಬದುಕಿದ್ದಾ. ರಾಮದುರ್ಗದಾಗ ಸತ್ತಿದ್ದಾ."

ನಾನು, ನನ್ನ ಹೆಂಡತಿ ಮುಖ ಮುಖ ನೋಡಿಕೊಂಡೆವು.

"ಸವದತ್ತ್ಯಾಗ ಮಂದಿ ಯಲ್ಲಮ್ಮನ ದರ್ಶನಾ ಮಾಡಿ ಬರತಿದ್ರು" ಎಂದ ಮುದುಕ. "ಮೊದಲನೇ ದಿನಾ ಹೀರೋ ಸತ್ತಾ. ದೇವರ ಮಾಡಿ ಬಂದವ್ರಿಗಿ ಹೆಣಾ ತೋರಸತಿ ಏನಲೇ ಅಂತ ಹೆಣ್ಣಮಕ್ಕಳು ನನ್ನ ಮೈಮ್ಯಾಲ ಬಂದ್ರು. ಮರುದಿನದಿಂದ ಕೊನೀ ರೀಲು ತಗದು ಇಟ್ಟೆ. ನಡುವಿನ ಮದಿವಿ ಹಾಡು ಇನ್ನೊಮ್ಮೆ ಹಚ್ಚತಿದ್ದೆ. ಮಂದಿ ಖುಷಿಲೇ ಹೋಗತಿದ್ರು."

"ಅದ ಹಾಡು ಎರಡ ಸಲ ಬಂದದ್ದು ನಿಮಗ ತಿಳೀಲಿಲ್ಲೇನು?" ಹೆಂಡತಿ ನನ್ನನ್ನು ಕೇಳಿದಳು.

"ಹಾಡು ಬಂದ್ರ ನಾವು ಎಲ್ಲಿ ನೋಡತಿದ್ದೆವು? ಕುಣೀತಿದ್ದೆವು" ಅಂದೆ. "ಹಂಗ ನೋಡಿದ್ರ ತಪ್ಪು ನಂದಲ್ಲ, ಈ ಆಪರೇಟರಂದು."

"ಪಂದ್ಯಾ ಸೋತೀರಿ. ಈ ಮಂದಿ ಎದುರು ತಪ್ಪಾತು ಅನ್ರಿ" ಅಂದಳು ಹೆಂಡತಿ.

ಮುದುಕ ನನ್ನ ಕಿವಿಯ ಹತ್ತಿರ ಬಗ್ಗಿದ. "ಸಾಹೇಬ್ರ, ಅಂದ ಬಿಡ್ರಿ. ನಾ ಮನ್ಯಾಗ ದಿನಾ ಅಂತೇನಿ. ಏನೂ ಆಗೂದಿಲ್ಲ."

ನಾಲ್ಕು ಮಂದಿಯೇನು, ನಲವತ್ತು ಮಂದಿ ಕಿವಿ ನಿಮಿರಿಸಿ ನಿಂತಿದ್ದರು. ಚಪ್ಪಲಿ ನೋಡುತ್ತ, ಗಂಟಲು ಕೆರೆದು, "ನಂದು ತಪ್ಪಾತು" ಅಂದೆ.

ಅಷ್ಟರಲ್ಲಿ ಹಿಂದಿನಿಂದ ಹಣೆತುಂಬ ಭಂಡಾರ ಬಡಿದುಕೊಂಡಿದ್ದ ಅಜ್ಜಿಯೊಬ್ಬಳು ಎರಡು ಕೈ ಎತ್ತಿ ಕೂಗಿದಳು:

"ಒನ್ಸ್ ಮೋರ್!"

ನಮ್ಮ ಕಡೆ ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು, ಧೂಳು ಝಾಡಿಸಿಕೊಂಡು, ಮತ್ತೊಮ್ಮೆ ಸಾಯಬೇಕು. ನಾನು ಯಾವ ಲೆಕ್ಕ? ಧೋತರ ಝಾಡಿಸಿಕೊಂಡು ಎರಡನೆಯ ಸಲ ಅಂದೆ. ಈ ಸಲ ತಲೆ ಎತ್ತಿ.