ಅಕ್ಷರದ ಕ್ಯಾಸೆಟ್ ಮಾರಲು ಹೊರಟ ಮೇಷ್ಟ್ರು

ಈ ಪ್ರಸಂಗಗಳನ್ನು ನನಗೆ ಮೊದಲು ಹೇಳಿದವರು ಯಡಿಯೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಲೆಕ್ಕದ ಮೇಷ್ಟ್ರು. ಕೊನೆಯದನ್ನು ಮಾತ್ರ ನಾನೇ ಕಣ್ಣಾರೆ ಕಂಡೆ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದವರಿಗೇ ಇಂಥವು ಮೇಲಿಂದ ಮೇಲೆ ಯಾಕೆ ಆಗುತ್ತವೋ, ಆ ಭಗವಂತನೇ ಬಲ್ಲ.

ಎಂಬತ್ತರ ದಶಕದ ಮಾತು. ಮೇಷ್ಟ್ರು ಆಸೆಪಟ್ಟು ಮನೆಯಲ್ಲಿಡುವ ಪುಟ್ಟ ಕಂಪ್ಯೂಟರ್ ತಂದಿದ್ದರು. ನೋಡಲು ಬರೀ ಕೀಬೋರ್ಡು. ಅದನ್ನು ಟೀವಿಗೆ ಸಿಕ್ಕಿಸಬೇಕು, ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಿಂದ ಉಣಿಸಬೇಕು. ಅದಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಮೇಷ್ಟ್ರು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಚುಕ್ಕಿ ಇಟ್ಟು, ವರ್ಷವಿಡೀ ಕೂತು, ಅದಕ್ಕೆ ಅಕ್ಷರಾಭ್ಯಾಸ ಮಾಡಿಸಿದರು. ಕೀಲಿ ಒತ್ತಿದರೆ ಟೀವಿಯ ಮೇಲೆ 'ಅ' ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತಿತ್ತು. ನಾನು ನೋಡಿ ಕೈ ಮುಗಿದೆ. ಆ ಪ್ರೋಗ್ರಾಮನ್ನು ಕ್ಯಾಸೆಟ್ಟುಗಳಿಗೆ ತುಂಬಿ ಮಾರಲು ಮೇಷ್ಟ್ರು ಹೊರಟರು.

ಅವರ ಮನೆಯಾಕೆ ಮಾತ್ರ ಖಡಾಖಂಡಿತ ಹೇಳಿಬಿಟ್ಟಿದ್ದರು: "ದಸರಾವರೆಗೂ ನೋಡ್ತೀನಿ. ಹತ್ತು ಕ್ಯಾಸೆಟ್ ಹೋದ್ರೆ ಮಿಷನ್ ಇಟ್ಕೊಳ್ಳಿ. ಇಲ್ದಿದ್ರೆ ಅದನ್ನ ಮಾರಿ, ನನಗೊಂದು ಹೊಲಿಗೆ ಮಿಷನ್ ತಂದ್ಕೊಡಿ."

ಬೋಣಿ

ಮೊದಲ ಕ್ಯಾಸೆಟ್ಟನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ನಾನೇ ಕೊಂಡೆ. ಉಳಿದವನ್ನು ಮೇಷ್ಟ್ರು ಜಯನಗರ ಫೋರ್ತ್ ಬ್ಲಾಕಿನ ಕ್ಯಾಸೆಟ್ ಅಂಗಡಿಗೆ ಕೊಟ್ಟರು. ಅಂಗಡಿಯವನು ಭಕ್ತಿಗೀತೆಗಳ ಪಕ್ಕದಲ್ಲಿಟ್ಟ. ವಾರ ಬಿಟ್ಟು ಹೋದರೆ, "ವಾಪಸ್ ತಗೊಂಡ್ಹೋಗಿ ಸಾರ್. ಹಾಕಿ ನೋಡ್ದೆ, ಬರೀ ಕಿರ್ರ್ ಅಂತದೆ. ಹಾಡಿದವರಿಗೆ ಗಂಟಲು ಸರಿ ಇಲ್ಲ" ಅಂದ.

"ಅದು ಹಾಡಲ್ಲಪ್ಪ, ಕಂಪ್ಯೂಟರಿಗೆ."

"ಆ ಕಂಪ್ಯೂಟರ್ ಎಷ್ಟು ಜನದ ಹತ್ರ ಇದೆ?"

"ನನಗೆ ಗೊತ್ತಿರೋ ಹಾಗೆ ಒಂಬತ್ತು ಜನ."

"ನಿಮ್ಮನ್ನೂ ಸೇರಿಸಿ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಹೌದು" ಅಂದರು.

ಆ ಒಂಬತ್ತರಲ್ಲಿ ನಾನಿಲ್ಲ. ನಮ್ಮ ಮನೆಯಲ್ಲಿ ಆಗ ಟೀವಿಯೂ ಇರಲಿಲ್ಲ.

ಬನಶಂಕರಿಯ ಅಜ್ಜಿ

ಆ ಒಂಬತ್ತು ಜನರಲ್ಲಿ ಒಬ್ಬರು ಬನಶಂಕರಿಯ ಇಂಜಿನಿಯರ್. ಭಾನುವಾರ ಮೇಷ್ಟ್ರು ಅಲ್ಲಿಗೆ ಹೋದರೆ ಮನೆಮಂದಿಯೆಲ್ಲ ಟೀವಿ ಮುಂದೆ. ಸಿನಿಮಾ ಮುಗಿಯುವ ತನಕ ಕಾದರು. ಆಮೇಲೆ ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕಿರ್ರ್ ಅಂದು, ಇನ್ನೇನು ಪ್ರೋಗ್ರಾಂ ಮಿಷನ್ನಿಗೆ ಇಳಿದು ಮುಗಿಯಬೇಕು, ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿಂದ.

"ಏನಪ್ಪಾ ಅದು, ಏನು ಬರುತ್ತೆ?" ಅಂದರು ಇಂಜಿನಿಯರರ ತಾಯಿ.

"ಅ ಬರುತ್ತಮ್ಮ."

"ಅಯ್ಯೋ, ಅಷ್ಟೇನಾ! ಸ್ಲೇಟು ಕೊಡು, ನಾನೇ ಬರೆದು ತೋರಿಸ್ತೀನಿ."

ಇಂಜಿನಿಯರಿಗೆ ನಾಚಿಕೆಯಾಯಿತು. "ಕ್ಯಾಸೆಟ್ ಎರಡು ದಿನ ಬಿಟ್ಟು ಹೋಗಿ ಸಾರ್, ನಿಧಾನವಾಗಿ ನೋಡ್ತೀನಿ" ಅಂದರು. ಮೇಷ್ಟ್ರು ನಂಬಿಕೊಂಡು ಬಿಟ್ಟು ಬಂದರು.

ಸನ್ಮಾನ

ದಸರಾಕ್ಕೆ ಮುಂಚೆ ಆ ಮಿಷನ್ ಇದ್ದವರೆಲ್ಲ ಸೇರಿ ಮೇಷ್ಟ್ರಿಗೆ ಶಾಲು ಹೊದಿಸಿದರು. ಹಿರಿಯರೊಬ್ಬರು ಭಾಷಣ ಮಾಡಿ, "ಇಂಥ ಪ್ರೋಗ್ರಾಂ ನಮ್ಮ ಪ್ರತಿಯೊಬ್ಬರ ಮನೇಲೂ ಇರಬೇಕು!" ಅಂದರು.

"ಇದೆ ಸಾರ್!" ಅಂದರು ಎಲ್ಲರೂ ಒಟ್ಟಿಗೆ.

ಇಂಜಿನಿಯರು ಎದ್ದು ನಿಂತು ವಿನಯದಿಂದ, "ನಾನೇ ಎಲ್ಲರಿಗೂ ಟೇಪಿಂದ ಟೇಪಿಗೆ ಇಳಿಸಿಕೊಟ್ಟೆ. ಪಾಪ, ಮೇಷ್ಟ್ರಿಗೆ ಓಡಾಟ ತಪ್ಪಿತು" ಅಂದರು.

ಕಾಪಿ

ವಿಜಯದಶಮಿ ಕಳೆಯಿತು. ಹೋಗಿದ್ದು ನಾನು ಕೊಂಡ ಒಂದೇ ಒಂದು ಕ್ಯಾಸೆಟ್. ಮಿಷನ್ ಕೊಳ್ಳಲು ಜೆ.ಪಿ. ನಗರದಿಂದ ಒಬ್ಬರು ಬಂದರು. ನಾನೂ ಮಹಡಿಯಲ್ಲಿದ್ದೆ. ಪರೀಕ್ಷೆ ಮಾಡಲು ಅವರೇ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಹಾಕಿದರು. ಟೀವಿಯ ಮೇಲೆ ಮೆಲ್ಲಗೆ 'ಅ' ಮೂಡಿತು.

"ನೋಡಿದ್ರಾ ಸಾರ್, ಕನ್ನಡ! ನಮ್ಮ ಮಗಳಿಗೆ ಇದನ್ನ ತೋರಿಸೋಕೇ ಮಿಷನ್ ತಗೊಳ್ತಿರೋದು."

ನನಗೆ ತಡೆಯಲಾಗಲಿಲ್ಲ. "ಯಾರು ಮಾಡಿದ್ದು ಸಾರ್ ಇದನ್ನ?" ಅಂದೆ.

"ಫಾರಿನ್‌ನೋರು ಅಂಕಲ್. ನಮ್ಮೋರಿಗೆ ಇದೆಲ್ಲ ಎಲ್ಲಿ ಬರುತ್ತೆ!"

ನಾನು ಬಾಯಿ ತೆರೆದೆ. ಮೇಷ್ಟ್ರು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಕಣ್ಣು ಮಾತ್ರ ಪರದೆಯ ಮೇಲೆಯೇ ಇತ್ತು. ಅವರು ಚುಕ್ಕಿ ಇಟ್ಟ 'ಆ' ಬಂತು, 'ಇ' ಬಂತು.

ಮಿಷನ್ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದವರು ತಿರುಗಿ ನಿಂತರು. "ಸಾರ್, ನಿಮಗೆ ಇದು ಇಷ್ಟ ಆದ ಹಾಗಿದೆ. ಒಂದು ಕಾಪಿ ಮಾಡ್ಕೊಡ್ಲಾ?"

"ಬೇಡಪ್ಪ," ಅಂದರು ಮೇಷ್ಟ್ರು. "ಹಾಕಿ ನೋಡೋಕೆ ಈಗ ಮಿಷನ್ ಇಲ್ಲ."

ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಿ. ಹೇಳುವಾಗ, ಆ ಅಕ್ಷರಗಳನ್ನು ಬರೆದವರು ಯಡಿಯೂರಿನ ಒಬ್ಬ ಮೇಷ್ಟ್ರು ಅನ್ನುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ.